ರವೆಯ ಲೆಕ್ಕ

ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚುವುದನ್ನು ನೀವು ನೋಡಿರಬಹುದು. ಆ ಮುದ್ದೆಯ ಭಾರಕ್ಕೆ ಚರ್ಮ ನಿಧಾನವಾಗಿ ಕಂಪಿಸಿ, ಸ್ವರ ತಗ್ಗಿ ‘ಗುಂ’ ಎನ್ನುತ್ತದೆ. ವಿದ್ವಾಂಸರು ಹಚ್ಚುತ್ತಾರೆ, ತಟ್ಟಿ ನೋಡುತ್ತಾರೆ, ಚೂರು ಕೆರೆದು ತೆಗೆಯುತ್ತಾರೆ. ಸಬ್‌ವೂಫರ್ ಹೊಂದಿಸುವುದೂ ಇಂಥದೇ ಕೆಲಸವೆಂದು 30 ವರ್ಷ ಕನ್ನಡ ಪಾಠ ಹೇಳಿದ ನನಗೆ 56ನೇ ವಯಸ್ಸಿನಲ್ಲಿ ತಿಳಿಯಿತು.

ದೀಪಾವಳಿಗೆ ಬಂದ ಮಗ ಅದನ್ನು ತಂದಿಟ್ಟು ಹೋದ. ಆಂಪ್ಲಿಫೈಯರ್ ಒಳಗೇ ಇರುವ ಪೆಟ್ಟಿಗೆ. ಬೆನ್ನಿಗೆ ಎರಡು ತಿರುಗಣಿ, ಒಂದು ಸ್ವಿಚ್ಚು. ನಮ್ಮ ಯಜಮಾನರು ಒಂದು ಕಾಲಕ್ಕೆ ಮೃದಂಗ ನುಡಿಸಿದವರು. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ಸ್ವರಗಳನ್ನು. ಕೆಳಗಿನವು ಟೀವಿಯ ಪುಟ್ಟ ಸ್ಪೀಕರಿನಲ್ಲಿ ಸರಿಯಾಗಿ ಹುಟ್ಟುವುದೇ ಇಲ್ಲ. ಹೀಗಾಗಿ ಅವರು ಕಚೇರಿ ಕೇಳುವುದನ್ನೇ ಬಿಟ್ಟಿದ್ದರು. ಇತ್ತ ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯಲ್ಲಿ ಬಾಣಂತಿ, 2 ತಿಂಗಳ ಕೂಸು. ಕೆಳಸ್ವರಕ್ಕೆ ಗೋಡೆ ಯಾವ ಲೆಕ್ಕ?

ದಾರಿ ತೋರಿಸಿದವರು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು. ಸೆಕೆಂಡಿಗೆ 40 ಸಲ ಕಂಪಿಸುವ ಸ್ವರದ ಅಲೆ ಸುಮಾರು 28 ಅಡಿ ಉದ್ದವಂತೆ. ನಮ್ಮ ಹಾಲ್ 14 ಅಡಿ, ಸರಿಯಾಗಿ ಅದರ ಅರ್ಧ. ಅಂಥ ಕೋಣೆಯಲ್ಲಿ ಆ ಸ್ವರ ಗೋಡೆಯ ಬಳಿ ಉಬ್ಬುತ್ತದೆ, ನಡುವೆ ಸೊರಗುತ್ತದೆ. ಮೂಲೆಯಲ್ಲಿಟ್ಟರಂತೂ ಗುಡುಗು. ಅದಕ್ಕೇ ಪೆಟ್ಟಿಗೆಯನ್ನು ಕೇಳುವವರ ಕುರ್ಚಿಯ ಜಾಗದಲ್ಲಿಟ್ಟು, ಸಂಗೀತ ಹಾಕಿ, ನಾವು ಗೋಡೆಯ ಅಂಚಿನಲ್ಲಿ ಅಂಬೆಗಾಲಿಡಬೇಕು. ಎಡಮುಖದ ಪೆಟ್ಟುಗಳು ಕಲಸಿಹೋಗದೆ ಬಿಡಿಬಿಡಿಯಾಗಿ ಎಲ್ಲಿ ಕೇಳುತ್ತವೋ ಅದೇ ಪೆಟ್ಟಿಗೆಯ ಜಾಗ. ಮಂಡಿನೋವಿನ ನಾನು ಹಾಗೆ ಹರಿದಾಡುವುದನ್ನು ಕಂಡ ಕೆಲಸದಾಕೆ, “ಓಲೆ ಬಿದ್ದೋಯ್ತಾ ಅಮ್ಮಾ?” ಎಂದು ತಾನೂ ಹುಡುಕತೊಡಗಿದಳು!

ಕ್ರಾಸ್‌ಓವರ್ ಎಂಬ ತಿರುಗಣಿ ಹಂಚಿಕೆಯ ಗಡಿ. ಸಾಮಾನ್ಯವಾಗಿ 80 ಹರ್ಟ್ಸ್. ನಮ್ಮ ಸ್ಪೀಕರು ಚಿಕ್ಕವಾದ್ದರಿಂದ 120ಕ್ಕೆ ಇಟ್ಟೆ. ಫೇಸ್ ಎಂಬ ಸ್ವಿಚ್ಚಿಗೆ 0 ಮತ್ತು 180 ಎಂದು ಎರಡು ಸ್ಥಾನ. ಸ್ಪೀಕರು ಗಾಳಿಯನ್ನು ತಳ್ಳುವಾಗ ಪೆಟ್ಟಿಗೆ ಎಳೆದರೆ ಎರಡರ ನಾದವೂ ಒಂದನ್ನೊಂದು ಅಳಿಸುತ್ತವೆ. ಕುರ್ಚಿಯಲ್ಲಿ ಕೂತು ಕೇಳಿ, ನಾದ ತುಂಬಿ ಬಂದ ಕಡೆಗೆ ಬಿಟ್ಟೆ. ಕೊನೆಗೆ ವಾಲ್ಯೂಮ್. ಪೆಟ್ಟಿಗೆಯೊಂದು ಬೇರೆಯಾಗಿ ಕೂಗುತ್ತಿದೆ ಎನಿಸುವವರೆಗೆ ಏರಿಸಿ, ಆಮೇಲೆ ಇಳಿಸುತ್ತ ಬರಬೇಕು.

ಸಂಗೀತ ನಡೆಯುತ್ತಿರುವಾಗಲೇ ಪಕ್ಕದ ಮನೆಗೆ ಹೋಗಿ ತೊಟ್ಟಿಲ ಬಳಿ ಕೂತೆ. ಬಾಣಂತಿಯ ತಾಯಿ, “ಏನೂ ತೊಂದರೆ ಇಲ್ಲ ಬಿಡಿ ಟೀಚರ್” ಎಂದರು. ದಾಕ್ಷಿಣ್ಯದ ಮಾತು. ಗೋಡೆಗೆ ಅಂಗೈ ಒತ್ತಿದರೆ ಸಣ್ಣಗೆ ನಡುಗುತ್ತಿತ್ತು. ಮನೆಗೆ ಬಂದವಳೇ ಎದುರು ಗೋಡೆಯ ಉದ್ದಕ್ಕೂ ಮತ್ತೆ ಅಂಬೆಗಾಲಿಟ್ಟು ಬೇರೆ ಜಾಗ ಹುಡುಕಿದೆ, ಅಡಿಗೆ ದಪ್ಪ ರಬ್ಬರ್ ಹಾಸಿದೆ, ವಾಲ್ಯೂಮ್ 2 ಗೀಟು ಇಳಿಸಿದೆ. ರಾತ್ರಿ 8ರ ಮೇಲೆ ಪೆಟ್ಟಿಗೆಗೆ ರಜೆ. ಮತ್ತೆ ಹೋಗಿ ನೋಡಿದಾಗ ಗೋಡೆ ಸುಮ್ಮನಿತ್ತು, ಕೂಸು ನಿದ್ದೆಯಲ್ಲಿ ನಗುತ್ತಿತ್ತು.

ಮರುದಿನ ಸಂಜೆ ತನಿ ಆವರ್ತನ ಬಂದಾಗ ಯಜಮಾನರ ಎಡಗೈ ತಾನಾಗಿ ತೊಡೆ ತಟ್ಟತೊಡಗಿತು. ಸ್ವಲ್ಪ ಹೊತ್ತಿನ ಮೇಲೆ, “ರವೆ ಒಂಚೂರು ಜಾಸ್ತಿಯಾಯ್ತು ಕಣೇ” ಎಂದರು. ಆ ವಿದ್ವಾಂಸರ ಮೃದಂಗಕ್ಕೆ ಹೇಳಿದ್ದೋ ನನ್ನ ಪೆಟ್ಟಿಗೆಗೋ ಕೇಳಲಿಲ್ಲ. ಎದ್ದು ಹೋಗಿ ಇನ್ನೊಂದು ಗೀಟು ಇಳಿಸಿದೆ.