ದ್ರಾಕ್ಷಿಬೆಟ್ಟಗಳಲ್ಲಿ ಏಳು ದಿನ

ಕಾಲ್ನಡಿಗೆಯವನಿಗೆ ದೂರವೆಂದರೆ ಭಯ. ಮೋಟಾರಿನವನಿಗೆ ದೂರವೆಂಬುದೇ ಇಲ್ಲ. ಬೈಸಿಕಲ್ಲಿನವನ ಪಾಡು ಇವೆರಡರ ನಡುವಿನದು. ಏರಿನಲ್ಲಿ ಪ್ರತಿಯೊಂದು ಮಾರು ನೆಲದ ಲೆಕ್ಕವನ್ನೂ ಅವನ ಮೊಳಕಾಲುಗಳು ಇಡುತ್ತವೆ. ಇಳಿಜಾರಿನಲ್ಲಿ ಆ ಲೆಕ್ಕವನ್ನೆಲ್ಲ ಅವನೇ ಮರೆತುಬಿಡುತ್ತಾನೆ.

ಪ್ಯಾರಿಸ್ಸಿನ ಶಾಲೆಯೊಂದರಲ್ಲಿ ಭೂಗೋಳವನ್ನು ಬೋಧಿಸಿ ನಿವೃತ್ತನಾದ ಗೃಹಸ್ಥನೊಬ್ಬನು, ಸೆಪ್ಟೆಂಬರಿನ ಒಂದು ವಾರವನ್ನು ಆಲ್ಸೇಸ್ ಪ್ರಾಂತದಲ್ಲಿ ಕಳೆಯಬೇಕೆಂದು ಪತ್ನಿಯೊಡನೆ ಹೊರಟನು. ಆ ಪ್ರಾಂತದ ಪಶ್ಚಿಮಕ್ಕೆ ವೋಜ್ ಪರ್ವತಗಳು, ಪೂರ್ವಕ್ಕೆ ರೈನ್ ನದಿಯ ಬಯಲು. ಪಡುವಣದಿಂದ ಬರುವ ಮಳೆಯ ಬಹುಪಾಲನ್ನು ಪರ್ವತಗಳೇ ತಡೆಯುವುದರಿಂದ, ಅವುಗಳ ಮೂಡಣ ತಪ್ಪಲು ಬಿಸಿಲಿಗೆ ಮೈಯೊಡ್ಡಿ ಒಣಗಿರುವುದು. ದ್ರಾಕ್ಷಿಗೆ ಬೇಕಾದುದೂ ಅದೇ. 1953ರಲ್ಲಿ ಗೊತ್ತುಮಾಡಿದ ‘ದ್ರಾಕ್ಷಾಮದ್ಯದ ಹಾದಿ’ಯು ಈ ತಪ್ಪಲನ್ನೇ ಹಿಡಿದು ಮಾರ್ಲೆನೈಮಿನಿಂದ ತಾನ್ ಪಟ್ಟಣದವರೆಗೆ ಸುಮಾರು 170 ಕಿಲೋಮೀಟರು ಸಾಗುತ್ತದೆ.

ಗೃಹಸ್ಥನು ದಿನಕ್ಕೆಷ್ಟು ದೂರವೆಂದು ಪಟ್ಟಿಯನ್ನೇ ಬರೆದುಕೊಂಡಿದ್ದನು. ಪತ್ನಿಯ ಕೋರಿಕೆ ಒಂದೇ: ಬೆನ್‌ವೀರ್ ಎಂಬ ಹಳ್ಳಿಯಲ್ಲಿ ಅರ್ಧ ದಿನ ನಿಲ್ಲಬೇಕು. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡ ಆಕೆಯ ತಂದೆ ಹುಟ್ಟಿದ ಊರು ಅದು. ಆತನು ಕೈಪಿಡಿಯನ್ನು ತಿರುವಿ ಹಾಕಿ, ಅಲ್ಲಿ ನೋಡತಕ್ಕದ್ದೇನೂ ಇಲ್ಲವೆಂದನು. ಬಾಡಿಗೆಯ ಅಂಗಡಿಯಲ್ಲಿ ವಿದ್ಯುತ್ ಮೋಟಾರು ಜೋಡಿಸಿದ ಬೈಸಿಕಲ್ಲುಗಳಿದ್ದವು. ಆಕೆ ಒಂದನ್ನು ತೆಗೆದುಕೊಂಡಳು, ಆತನು ಬೇಡವೆಂದನು. ಅರುವತ್ತು ದಾಟಿದ ಗಂಡಸಿನ ಅಭಿಮಾನಕ್ಕೆ ಔಷಧವಿಲ್ಲ.

ಮೊದಲ ದಿನಗಳು ಸುಖವಾಗಿ ಕಳೆದವು. ಸ್ಟ್ರಾಸ್‌ಬರ್ಗಿನ ಕೋಟೆಗೆ ಕಲ್ಲು ಸಾಗಿಸಲೆಂದು 1682ರಲ್ಲಿ ತೋಡಿದ ಬ್ರೂಷ್ ಕಾಲುವೆಯ ದಂಡೆ ಸಮತಟ್ಟಾದುದು. ಸೆಲೆಸ್ತಾ ಪಟ್ಟಣದಲ್ಲಿ, ಬೇಯಾಟುಸ್ ರೆನಾನುಸನೆಂಬ ಪಂಡಿತನು 1547ರಲ್ಲಿ ತವರೂರಿಗೆ ಬಿಟ್ಟುಹೋದ ಪುಸ್ತಕಗಳನ್ನು ನೋಡಿದರು. ಅಲ್ಲಿಂದ ಮುಂದೆ ಏರುಗಳು ಬಿರುಸಾದವು. ಆಕೆ ದಿಣ್ಣೆಯ ನೆತ್ತಿಯಲ್ಲಿ ನಿಂತು ಕಾಯುವಳು. ಆತನು ಚಕ್ರ ಕೆಟ್ಟಿದೆಯೇನೋ ಎಂಬಂತೆ ಬಗ್ಗಿ ನೋಡುತ್ತ ತಳ್ಳಿಕೊಂಡು ಬರುವನು.

ನಾಲ್ಕನೆಯ ದಿನ ರಿಕ್‌ವೀರ್. ಮರದ ತೊಲೆಗಳ ನಡುವೆ ಗೋಡೆ ತುಂಬಿ ಬಣ್ಣ ಬಳಿದ ಮನೆಗಳು ನಾಲ್ಕು ಶತಮಾನಗಳಿಂದ ಹಾಗೆಯೇ ನಿಂತಿವೆ. ಬೀದಿಯ ತುಂಬ ಜನ. ಅಲ್ಲಿಂದ ಬೆನ್‌ವೀರಿಗೆ ಒಂದು ಹರದಾರಿಯೂ ಇಲ್ಲ, ಆದರೆ ಅಲ್ಲಿ ಹಳೆಯ ಮನೆಯೆಂಬುದು ಕಾಣದು. ಅಗಲವಾದ ಬೀದಿ, ಸಾದಾ ಗಾರೆಯ ಗೋಡೆ, ಹೊಸ ಕಾಲದ ಇಗರ್ಜಿ, ಅದರಲ್ಲಿ ಉದ್ದಕ್ಕೂ ಬಣ್ಣದ ಗಾಜು. 1944ರ ಡಿಸೆಂಬರಿನ ಕದನದಲ್ಲಿ ಹಳ್ಳಿಗೆ ಹಳ್ಳಿಯೇ ನೆಲಸಮವಾಗಿತ್ತು. ಆಗ ತಂದೆಗೆ ಹತ್ತು ವರ್ಷ.

1871ರಲ್ಲಿ ಜರ್ಮನಿಗೆ, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, 1945ರ ಹೊತ್ತಿಗೆ ಮತ್ತೆ ಫ್ರಾನ್ಸಿಗೆ: ಒಂದು ಆಯುಷ್ಯದೊಳಗೆ ನಾಲ್ಕು ಸಲ ಕೈ ಬದಲಾಯಿಸಿದ ನಾಡು ಇದು. ನಾಜಿಗಳು ಬಂದಾಗ ಶಾಲೆಯ ಭಾಷೆ, ಬೀದಿಯ ಹೆಸರು, ಮಕ್ಕಳ ಹೆಸರು ಕೂಡ ಬದಲಾದವು. 1942ರ ಆಗಸ್ಟಿನಿಂದ ಆಲ್ಸೇಸ್ ಮತ್ತು ಮೊಸೆಲ್ ಸೀಮೆಗಳ ಸುಮಾರು 1,30,000 ಮಂದಿಯನ್ನು ಬಲವಂತದಿಂದ ಜರ್ಮನ್ ಸೈನ್ಯಕ್ಕೆ ಸೇರಿಸಿದರು. ತಂದೆಯ ಅಣ್ಣನು ಹಾಗೆ ಹೋದವನು ರಷ್ಯದಿಂದ ಮರಳಲಿಲ್ಲ. ಜರ್ಮನ್ ಸಮವಸ್ತ್ರದಲ್ಲಿ ಸತ್ತವನ ಸುದ್ದಿಯನ್ನು ಪ್ಯಾರಿಸ್ಸಿನಲ್ಲಿ ಆಡುವುದು ಹೇಗೆ? ತಂದೆ ಮನೆಯಂಗಳದ ಅಕ್ರೋಟಿನ ಮರದ ಮಾತನ್ನಷ್ಟೇ ಆಡುತ್ತಿದ್ದನು.

ಕೊಯ್ಲಿನ ಬಂಡಿಯ ಬಳಿಯಿದ್ದ ಮುದುಕನೊಬ್ಬನನ್ನು ಆಕೆ ಆ ಮರದ ವಿಷಯ ಕೇಳಿದಳು. ಆತನು ನಕ್ಕು, ಅಮ್ಮಾ, ಮರವಿರಲಿ, ಆಗಿನ ಬೀದಿಯೇ ಈಗಿನ ಬೀದಿಯಲ್ಲ, ಎಂದನು. ಮನೆತನದ ಹೆಸರನ್ನು ಮಾತ್ರ ಬಲ್ಲೆನೆಂದು ಹೇಳಿ ಎರಡು ಗೊಂಚಲು ಹಣ್ಣು ಕೊಟ್ಟನು. ಈ ಸೀಮೆಯ ಸ್ಮಾರಕಶಿಲೆಗಳಲ್ಲಿ ಅನೇಕವು ‘ನಮ್ಮ ಮಡಿದವರಿಗೆ’ ಎಂದಷ್ಟೇ ಹೇಳುತ್ತವೆ. ಯಾವ ದೇಶಕ್ಕಾಗಿ ಮಡಿದರೆಂದು ಹೇಳುವುದಿಲ್ಲ. ಹೇಳುವಂತೆಯೂ ಇರಲಿಲ್ಲ.

ಸಂಜೆ ಪಕ್ಕದ ಸಿಗೋಲ್ಸೈಮಿನ ಗುಡ್ಡವನ್ನು ಹತ್ತಿದರು. ದ್ರಾಕ್ಷಿತೋಟಗಳ ಮೇಲೆ, 1944-45ರ ಕದನದಲ್ಲಿ ಮಡಿದ ಒಂದೂವರೆ ಸಾವಿರಕ್ಕೂ ಹೆಚ್ಚು ಫ್ರೆಂಚ್ ಯೋಧರ ಸಮಾಧಿಗಳಿವೆ. ಅವರಲ್ಲಿ ಬಹು ಮಂದಿ ಉತ್ತರ ಆಫ್ರಿಕದ ಮುಸಲ್ಮಾನರು. ಗೃಹಸ್ಥನು ಮೂವತ್ತು ವರ್ಷ ಕಾಲ ಆಲ್ಸೇಸನ್ನು ಮಕ್ಕಳಿಗೆ ಪಾಠ ಹೇಳಿದ್ದವನು: ನದಿ, ಬೆಟ್ಟ, ಬೆಳೆ, ಮಳೆಯ ಪ್ರಮಾಣ. ಪಟ್ಟಿಯ ಪ್ರಕಾರ ಆ ಹೊತ್ತಿಗೆ ಕೈಸರ್ಸ್‌ಬರ್ಗಿನಲ್ಲಿ ಊಟ ಮುಗಿದಿರಬೇಕಾಗಿತ್ತು. ಆತನು ಪಟ್ಟಿಯನ್ನು ತೆಗೆಯಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಕಲ್ಲುಕಟ್ಟೆಯ ಮೇಲೆ ಕುಳಿತು ಆ ಹಣ್ಣನ್ನು ತಿಂದರು. ತೊಗಟೆ ದಪ್ಪ, ಬೀಜ ಹೆಚ್ಚು. ಮದ್ಯದ ದ್ರಾಕ್ಷಿ ತಿನ್ನುವುದಕ್ಕೆ ಹೇಳಿಸಿದ್ದಲ್ಲ.

ಮರುದಿನ ಮೋಟಾರಿನ ಬೈಸಿಕಲ್ಲನ್ನು ಆತನೇ ಕೇಳಿ ತೆಗೆದುಕೊಂಡನು. ಕೋಲ್ಮಾರ್, ಸುರುಳಿ ಬೀದಿಗಳ ಎಗಿಸೈಮ್, ಕಡೆಗೆ ತಾನ್ ಪಟ್ಟಣದ ಎತ್ತರದ ಇಗರ್ಜಿ ಗೋಪುರ. ಏರುಗಳಲ್ಲಿ ಈಗ ಕಾಯುವವನು ಆತನಾದನು. ಆಕೆ ಆತನ ಬೈಸಿಕಲ್ಲನ್ನು ತಳ್ಳಿಕೊಂಡು ಬರುತ್ತ, ತಂದೆಯಿಂದ ಕಲಿತ ಆಲ್ಸೇಸಿನ ಆಡುಮಾತಿನ ಹಾಡೊಂದನ್ನು ಗುನುಗುತ್ತಿದ್ದಳು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ಆತನು ಅದನ್ನು ಕೇಳಿದುದು ಅದೇ ಮೊದಲು.