ಕಿವಿಯಲ್ಲಿ ಉಳಿದ ಗಿಟಾರು

ಮೆಟಾಲಿಕಾ ಎಂದರೆ ಏನು ಎಂದು ಕೇಳಿದರೆ ಅನೇಕ ತಂದೆತಾಯಂದಿರು ಯಾವುದೋ ಸ್ಟೀಲ್ ಪಾತ್ರೆ ಅಂಗಡಿ ಇರಬೇಕು ಎಂದುಕೊಂಡಾರು. ಅದು 1981ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಹೆವಿ ಮೆಟಲ್ ವಾದ್ಯತಂಡ. ಡ್ರಮ್ ಬಾರಿಸುವ ಲಾರ್ಸ್ ಉಲ್ರಿಕ್ ಮತ್ತು ಹಾಡುವ ಜೇಮ್ಸ್ ಹೆಟ್‌ಫೀಲ್ಡ್ ಸೇರಿ ಕಟ್ಟಿದ್ದು. ಮೂವತ್ತು ವರ್ಷ ಜಗತ್ತೆಲ್ಲ ಸುತ್ತಿದ ಈ ತಂಡ ಭಾರತಕ್ಕೆ ಕಾಲಿಟ್ಟದ್ದು 2011ರ ಅಕ್ಟೋಬರ್ ಕೊನೆಯಲ್ಲಿ.

ನಂಜನಗೂಡಿನ ಆ ಹುಡುಗ ಆಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಅಪ್ಪ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು, ರೇಡಿಯೋದ ಹಳೆಯ ಚಿತ್ರಗೀತೆ ಬಿಟ್ಟರೆ ಬೇರೆ ಸಂಗೀತದ ಗೊಡವೆಗೆ ಹೋದವರಲ್ಲ. ಇಬ್ಬರು ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಸಂಪಾದಿಸಿದ ಹಣದಲ್ಲಿ ಹುಡುಗ ಟಿಕೆಟ್ ಕೊಂಡಿದ್ದ. ಹಾಗಾಗಿ ಅಪ್ಪನಿಗೆ ದುಡ್ಡಿನ ವಿಷಯದಲ್ಲಿ ಆಕ್ಷೇಪಿಸಲು ಜಾಗವೇ ಇರಲಿಲ್ಲ.

ಆ ವರ್ಷ ದೀಪಾವಳಿ ಅಕ್ಟೋಬರ್ 26ಕ್ಕೆ ಬಂತು. ಹಬ್ಬಕ್ಕೆ ಊರಿಗೆ ಬಂದ ಹುಡುಗ ಇನ್ನೂ ಮನೆಯಲ್ಲಿರುವಾಗಲೇ ಟಿ.ವಿ.ಯಲ್ಲಿ ಸುದ್ದಿ. 28ರಂದು ದೆಹಲಿ ಪಕ್ಕದ ಗುರಗಾಂವ್‌ನಲ್ಲಿ ನಡೆಯಬೇಕಿದ್ದ ಇದೇ ತಂಡದ ಕಾರ್ಯಕ್ರಮವನ್ನು ಸುರಕ್ಷತೆಯ ಕಾರಣಕ್ಕೆ ಮುಂದೂಡಿದಾಗ ರೊಚ್ಚಿಗೆದ್ದ ಜನ ವೇದಿಕೆಗೇ ನುಗ್ಗಿ ಕೈಗೆ ಸಿಕ್ಕಿದ್ದನ್ನು ಮುರಿದುಹಾಕಿದ್ದರು. ಕೊನೆಗೆ ಅದು ರದ್ದಾಯಿತು. ಬೆಂಗಳೂರಿನದು 30ರ ಭಾನುವಾರ.

"ಬೇಡ ಕಣೋ ಮಗ, ಟಿಕೆಟ್ ಹೋದ್ರೆ ಹೋಗ್ಲಿ" ಎಂದರು ಅಪ್ಪ.

"ಇಲ್ಲಪ್ಪ, ಬೆಂಗಳೂರಲ್ಲಿ ಹಾಗಾಗಲ್ಲ."

ಅಮ್ಮ ಎರಡೂ ಕಡೆ ಮಾತಾಡಿದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು: ಮುಗಿದ ಕೂಡಲೇ ಫೋನ್ ಮಾಡಬೇಕು.

ಅರಮನೆ ಮೈದಾನಕ್ಕೆ ಹುಡುಗ ಮಧ್ಯಾಹ್ನವೇ ಹೋಗಿ ನಿಂತ. ಕಪ್ಪು ಬನಿಯನ್ನುಗಳ ಸಮುದ್ರ. ಗುವಾಹಟಿಯಿಂದ, ಕೊಚ್ಚಿಯಿಂದ, ಗುರಗಾಂವ್‌ನಲ್ಲಿ ನಿರಾಶರಾಗಿ ಅಲ್ಲಿಂದ ಸೀದಾ ಬಂದವರೂ ಅಲ್ಲಿದ್ದರು. ಪರಿಚಯವೇ ಇಲ್ಲದವರು ನೀರಿನ ಬಾಟಲಿ ಹಂಚಿಕೊಳ್ಳುತ್ತಿದ್ದರು. ಕತ್ತಲಾಗಿ ದೀಪ ಆರಿದಾಗ ಮೊದಲು ಕೇಳಿಸಿದ್ದು ಗಿಟಾರಲ್ಲ. 1966ರ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' ಚಿತ್ರಕ್ಕೆ ಇಟಲಿಯ ಎನ್ನಿಯೋ ಮೊರಿಕೋನೆ ಮಾಡಿದ ಸಂಗೀತ. ವೇದಿಕೆಗೆ ಬರುವ ಮುನ್ನ ಅದನ್ನು ಹಾಕಿಸುವುದು ಈ ತಂಡದ ಹಳೆಯ ವಾಡಿಕೆ. ಸಾವಿರಾರು ಗಂಡುದನಿಗಳು ಪದವಿಲ್ಲದ ಆ ರಾಗವನ್ನು ಒಟ್ಟಿಗೆ ಎತ್ತಿಕೊಂಡಾಗ ಹುಡುಗನ ಕಣ್ಣು ಒದ್ದೆಯಾಯಿತಂತೆ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿದ್ದನ್ನು ಇಷ್ಟು ಜನ ತನ್ನಂತೆಯೇ ಕೇಳಿದ್ದಾರಲ್ಲ!

ಆಮೇಲೆ ಬಂತು ಸದ್ದು. ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯಿತು. ಹಿಂದೆ ಸಾಲಿನಲ್ಲಿದ್ದವರು ಒಂದು ವಿಚಿತ್ರ ನೋಡಿರಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ವೇದಿಕೆಯಿಂದ ನೂರು ಮೀಟರ್ ದೂರ ನಿಂತವನಿಗೆ ಪರದೆಯ ಮೇಲೆ ಕೋಲು ಬಿದ್ದು ಮೇಲೆದ್ದ ಮೇಲೆ, ಮೂರನೇ ಒಂದು ಸೆಕೆಂಡಿನಷ್ಟು ತಡವಾಗಿ ಪೆಟ್ಟು ಕೇಳಿಸುತ್ತದೆ. ಪಠ್ಯಪುಸ್ತಕದಲ್ಲಿ ಮಿಂಚು ಗುಡುಗಿನ ಉದಾಹರಣೆ ಓದಿ ಬೇಸತ್ತ ಮಕ್ಕಳಿಗೆ ಇದೂ ಒಂದಿರಲಿ.

ಗಿಟಾರಿನ ಆ ಗರಗರ ದನಿಗೂ ಕಾರಣವುಂಟು. ತಂತಿಯ ಕಂಪನವನ್ನು ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ಹಿಗ್ಗಿಸಿದಾಗ ಅಲೆಯ ತಲೆ, ಬುಡ ಎರಡೂ ಕತ್ತರಿಸಿ ಚಪ್ಪಟೆಯಾಗುತ್ತವೆ. ಹೀಗೆ ಮೊಂಡಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಸ್ವರಗಳು ಹೊಸದಾಗಿ ಸೇರಿಕೊಳ್ಳುತ್ತವೆ. ಹಿರಿಯರು ಕರ್ಕಶ ಎನ್ನುವುದು ಇದನ್ನೇ; ಹುಡುಗರಿಗೆ ಬೇಕಾದದ್ದೂ ಇದೇ.

'ಒನ್' ಎಂಬ ಹಾಡು ಬಂದಾಗ ಗುಂಡಿನ ಸದ್ದು, ಬೆಂಕಿ. 1988ರ ಆಲ್ಬಮ್ಮಿನ ಈ ಹಾಡಿಗೆ ಡಾಲ್ಟನ್ ಟ್ರಂಬೋ 1939ರಲ್ಲಿ ಬರೆದ ಯುದ್ಧವಿರೋಧಿ ಕಾದಂಬರಿ ಪ್ರೇರಣೆ. ಯುದ್ಧದಲ್ಲಿ ಕೈಕಾಲು, ಕಣ್ಣು, ಮಾತು, ಕಿವಿ ಎಲ್ಲವನ್ನೂ ಕಳೆದುಕೊಂಡು ಬದುಕಿಯೂ ಸತ್ತಂತಿರುವ ಸೈನಿಕನ ಕಥೆ ಅದು. ಈ ಸಂಗೀತದಲ್ಲಿ ಅರಚಾಟ ಬಿಟ್ಟು ಏನೂ ಇಲ್ಲ ಎನ್ನುವವರು ಆ ಕಥೆಯನ್ನಾದರೂ ಕೇಳಬೇಕು.

ಕಾರ್ಯಕ್ರಮ ಯಾವ ಗಲಾಟೆಯೂ ಇಲ್ಲದೆ ಮುಗಿಯಿತು ಎಂದು ಹೇಳಲು ಹುಡುಗ ಗೇಟಿನಾಚೆಯಿಂದ ಫೋನ್ ಮಾಡಿದ. ಅಪ್ಪ ಮಾತಾಡುತ್ತಿದ್ದಾರೆ, ಇವನಿಗೆ ಕೇಳಿಸುತ್ತಿಲ್ಲ.

"ಜೋರಾಗಿ ಹೇಳಪ್ಪ!"

ಅಪ್ಪ ಕೂಗಿದರು. ಹತ್ತಿ ತುಂಬಿದ ಚೀಲದೊಳಗಿಂದ ಬಂದಂತಿತ್ತು ಅವರ ದನಿ. ರಾತ್ರಿ ಮಲಗಿದಾಗ ಎರಡೂ ಕಿವಿಯಲ್ಲಿ ಗುಂಯ್ ಎಂಬ ಒಂದೇ ಸ್ವರ. ಬೆಳಿಗ್ಗೆಯೂ ಅದೇ. ಮರುದಿನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತರೂ ಮೇಷ್ಟರ ಮಾತು ಅರ್ಧಂಬರ್ಧ. ಮಂಗಳವಾರ ಸಂಜೆ ಹೆದರಿಕೆ ತಡೆಯಲಾರದೆ ಊರಿಗೇ ಹೊರಟ. ತಾಯಿಯ ಕೈಲಿ ಅನ್ನ ತಿಂದು ಹೇಳಿಕೊಂಡ. ಅಪ್ಪ ಬೈಯಲಿಲ್ಲ. ಮರುದಿನ ಬ್ಯಾಂಕಿಗೆ ರಜೆ ಹಾಕಿ ಮೈಸೂರಿಗೆ, ಕಿವಿ ವೈದ್ಯರ ಬಳಿಗೆ ಕರೆದೊಯ್ದರು.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯ ಎಂಬ ಭಾಗವಿದೆ. ಅದರಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು. ಒಂದು ಕಿವಿಗೆ ಸುಮಾರು ಹದಿನೈದು ಸಾವಿರ, ಅಷ್ಟೇ. ಭಾರಿ ಸದ್ದಿಗೆ ಇವು ಬಿರುಗಾಳಿಗೆ ಸಿಕ್ಕ ಭತ್ತದ ಪೈರಿನಂತೆ ಬಾಗುತ್ತವೆ. ಕೆಲವು ಮತ್ತೆ ಎದ್ದು ನಿಲ್ಲುತ್ತವೆ, ಕೆಲವು ಸಾಯುತ್ತವೆ. ಕೋಳಿಗಾದರೆ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ. ಮನುಷ್ಯನಿಗೆ ಆ ಭಾಗ್ಯವಿಲ್ಲ.

ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಶಬ್ದದ ಶಕ್ತಿ ಇಮ್ಮಡಿಯಾಗುವುದರಿಂದ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಮುಟ್ಟಿದರೆ ಉಳಿಯುವುದು ಕಾಲು ಗಂಟೆ. ರಾಕ್ ಕಚೇರಿಯ ಮುಂದಿನ ಸಾಲಿನಲ್ಲಿ ಸದ್ದು 100 ದಾಟುವುದು ಸಾಮಾನ್ಯ, ಹುಡುಗ ನಿಂತದ್ದು ಎರಡು ಗಂಟೆ! ಗಣೇಶನ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿದ ಪೆಟ್ಟಿಗೆಗಳ ಮುಂದೆ ಕುಣಿಯುವ ಮಕ್ಕಳದೂ ಇದೇ ಲೆಕ್ಕ ಎಂಬುದನ್ನು ರಾಕ್ ಸಂಗೀತವನ್ನಷ್ಟೇ ಶಪಿಸುವ ಹಿರಿಯರು ಮರೆಯುತ್ತಾರೆ.

ವೈದ್ಯರು ಕಿವಿಗೆ ಹೆಡ್‌ಫೋನು ಹಾಕಿ ಬೇರೆ ಬೇರೆ ಸ್ವರ ಕೇಳಿಸಿ ಗೆರೆ ಎಳೆದರು. 4000 ಹರ್ಟ್ಸ್ ಬಳಿ ಗೆರೆ ಹಳ್ಳಕ್ಕೆ ಇಳಿದಿತ್ತು. ಅತಿ ಸದ್ದಿಗೆ ಮೊದಲು ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಅದೇ ಜಾಗ. "ಎರಡು ವಾರ ಹಾಡು ಬೇಡ, ಆಮೇಲೆ ಬನ್ನಿ" ಎಂದರು. ಆ ಎರಡು ವಾರ ಮನೆಯಲ್ಲಿ ರೇಡಿಯೋ ಕೂಡ ಬಾಯಿ ಬಿಡಲಿಲ್ಲ. ಮೂರನೇ ದಿನಕ್ಕೇ ಗುಂಯ್ ನಿಂತಿತು. ಎರಡನೇ ಪರೀಕ್ಷೆಯಲ್ಲಿ ಹಳ್ಳ ಬಹುಪಾಲು ತುಂಬಿತ್ತು, ಪೂರ್ತಿ ಅಲ್ಲ.

ಹೊರಡುವಾಗ ವೈದ್ಯರು ಒಂದು ಮಾತು ಹೇಳಿದರು. ಈ ಗುಂಯ್ ಕಾಟ ತನಗೆ ಕಾಯಂ ಉಳಿದಿದೆ ಎಂದು ಸ್ವತಃ ಲಾರ್ಸ್ ಉಲ್ರಿಕ್ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಹುಡುಗನಿಗೆ ಅದು ಗೊತ್ತಿರಲಿಲ್ಲ. ತಂಡದ ಪ್ರತಿ ಹಾಡಿನ ಇಸವಿ ಬಲ್ಲವನು!

ಮುಂದಿನ ವರ್ಷ ಕಾಲೇಜಿನ ಉತ್ಸವಕ್ಕೆ ರಾಕ್ ತಂಡವೊಂದು ಬಂದಾಗ ಅವನು ಔಷಧಿ ಅಂಗಡಿಯಿಂದ ಫೋಮಿನ ಕಿವಿಬಿರಡೆ ತಂದ. ಹತ್ತಿ ತುರುಕಿದರೆ ಹೆಚ್ಚೇನೂ ತಡೆಯದು. ಇದನ್ನು ಹೊಸೆದು ಸರಿಯಾಗಿ ಒಳಗೆ ಕೂರಿಸಿದರೆ ಇಪ್ಪತ್ತು ಡೆಸಿಬೆಲ್‌ವರೆಗೂ ಇಳಿಯುತ್ತದೆ, ಹಾಡು ಮಾತ್ರ ಚೆನ್ನಾಗಿಯೇ ಕೇಳಿಸುತ್ತದೆ. ಗೆಳೆಯರು "ಏನೋ ತಾತ, ಕಿವಿಗೆ ಗಾಳಿ ಹೋಗುತ್ತಾ?" ಎಂದು ಗೇಲಿ ಮಾಡಿದರು. ಮೂರನೇ ಹಾಡು ಮುಗಿಯುವಷ್ಟರಲ್ಲಿ ಅವರಲ್ಲೊಬ್ಬ ಹತ್ತಿರ ಬಂದು ಅವನ ಭುಜ ತಟ್ಟಿ ಏನೋ ಕೇಳಿದ. ಬಿರಡೆ ತೆಗೆದು "ಏನು?" ಎಂದಾಗ ಗೆಳೆಯ ಕೂಗಿ ಹೇಳಿದ:

"ಇನ್ನೊಂದು ಜೊತೆ ಇದೆಯೇನೋ?"