ಗುಂಡಿನ ದೃಶ್ಯಕ್ಕೊಂದು ಪಾಟೀಸವಾಲು

ಐತಿಹಾಸಿಕ ಚಲನಚಿತ್ರಗಳಲ್ಲಿ ಕೋವಿ ಹಾರುವ ದೃಶ್ಯ ಬಂದಾಗಲೆಲ್ಲ ನನ್ನ ಗಮನ ನಾಯಕನ ಮುಖವನ್ನು ಬಿಟ್ಟು ಅವನ ಕೈಗಳ ಕಡೆಗೆ ಹೊರಳುತ್ತದೆ. ಈತ ಮದ್ದು ತುಂಬಿದ್ದು ಯಾವಾಗ? ಒಂದೇ ನಳಿಕೆಯಿಂದ ನಾಲ್ಕು ಗುಂಡುಗಳು ಹೊರಟದ್ದು ಹೇಗೆ? ಇಷ್ಟು ಜನ ಒಟ್ಟಿಗೆ ಗುಂಡು ಹಾರಿಸಿದ ಮೇಲೆ ಹೊಗೆ ಎಲ್ಲಿ ಹೋಯಿತು? ಸಾಕ್ಷಿಕಟ್ಟೆಯಲ್ಲಿ ನಿಂತವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಪರದೆಯ ಮೇಲಿನವರಿಗೆ ಕೇಳುತ್ತಾನೆಂದು ಮನೆಯವರು ನಗುತ್ತಾರೆ. ನಗಲಿ. ಆದರೆ ಈ ಪ್ರಶ್ನೆಗಳು ಕೇವಲ ವೃತ್ತಿಯ ಚಟದಿಂದ ಹುಟ್ಟಿದವಲ್ಲವೆಂದು ನನಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ಮನವರಿಕೆಯಾಗುತ್ತಿದೆ.

ಕಿತ್ತೂರಿನ ಸಂಗತಿಯನ್ನೇ ತೆಗೆದುಕೊಳ್ಳೋಣ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಗುಂಡೇಟಿಗೆ ಬಲಿಯಾದನು. ಆ ಕಾಲದ ಕೋವಿಯ ಬಾಯಿಯಿಂದಲೇ ಮದ್ದನ್ನೂ ಗುಂಡನ್ನೂ ಹಾಕಿ, ಕಬ್ಬಿಣದ ಸರಳಿನಿಂದ ಜಡಿದು, ಕಿವಿಯ ಬಳಿಯ ಪುಟ್ಟ ಬಟ್ಟಲಿಗೆ ಮತ್ತಷ್ಟು ಮದ್ದು ಉದುರಿಸಿ, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸಬೇಕಾಗಿತ್ತು. ಚೆನ್ನಾಗಿ ಪಳಗಿದ ಸಿಪಾಯಿಯೂ ಒಂದು ನಿಮಿಷದಲ್ಲಿ ಮೂರು ಸಲ ಹಾರಿಸಿದರೆ ಹೆಚ್ಚು. ನೂರು ಗಜದಾಚೆಗೆ ಗುರಿಯ ಭರವಸೆಯಿಲ್ಲ. ಮಳೆ ಬಂದರೆ ಬಟ್ಟಲಿನ ಮದ್ದು ನೆನೆದು ಕೋವಿ ಬರಿಯ ದೊಣ್ಣೆಯಾಗುತ್ತಿತ್ತು. ಒಂದು ಸುತ್ತು ಹಾರಿದೊಡನೆ ಬಿಳಿಯ ಹೊಗೆ ದಟ್ಟವಾಗಿ ಕವಿದು ಎದುರಾಳಿಯೇ ಕಾಣದಂತಾಗುತ್ತಿತ್ತು.

ಎರಡು ಗುಂಡುಗಳ ನಡುವಿನ ಆ ಇಪ್ಪತ್ತು ಸೆಕೆಂಡುಗಳಲ್ಲಿ ಹೋರಾಟಗಾರನು ನಿರಾಯುಧನಾಗಿ, ತನ್ನತ್ತ ಓಡಿಬರುವವರನ್ನು ನೋಡುತ್ತ, ನಡುಗದ ಕೈಯಿಂದ ಮದ್ದು ಸುರಿಯಬೇಕಾಗಿತ್ತು. ನಮ್ಮ ಹಿರಿಯರ ಧೈರ್ಯ ಇದ್ದುದು ಆ ಇಪ್ಪತ್ತು ಸೆಕೆಂಡುಗಳಲ್ಲಿ. ಚಲನಚಿತ್ರ ಅದನ್ನು ಕತ್ತರಿಸಿ ಎಸೆದು, ಗುಂಡಿನ ಸುರಿಮಳೆಯನ್ನು ತೋರಿಸಿ, ವೀರರನ್ನು ಮೆರೆಸಿದೆನೆಂದು ಭಾವಿಸುತ್ತದೆ. ನಿಜದಲ್ಲಿ ಅವರ ವೀರ್ಯದ ಸಾಕ್ಷ್ಯವನ್ನೇ ಕಡತದಿಂದ ಕಿತ್ತುಹಾಕಿರುತ್ತದೆ. ಕಿತ್ತೂರಿನ ಮದ್ದಿನಲ್ಲಿ ದ್ರೋಹಿಗಳು ಕಲಬೆರಕೆ ಮಾಡಿದರೆಂಬ ಜನಶ್ರುತಿಯೊಂದುಂಟು. ಕೋವಿಗೆ ಮದ್ದು ತುಂಬುವುದನ್ನೇ ನೋಡದ ಪ್ರೇಕ್ಷಕನಿಗೆ ಆ ದ್ರೋಹದ ಆಳ ಅರಿವಾಗುವುದು ಹೇಗೆ?

ನಮ್ಮ ಬೆಟ್ಟಗಳಿಗೂ ಈ ಇತಿಹಾಸ ದೂರದ್ದಲ್ಲ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1790ರ ಸೆಪ್ಟೆಂಬರಿನಲ್ಲಿ, ಟಿಪ್ಪು ಸುಲ್ತಾನನು ಗಜಲಹಟ್ಟಿ ಕಣಿವೆಯಿಂದ ತನ್ನ ಸೇನೆಯನ್ನು ಇಳಿಸಿ ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯನ್ನು ಎದುರಿಸಿದನು. ಇಂಗ್ಲಿಷರು ಕೆಲವು ತೋಪುಗಳನ್ನು ಅಲ್ಲಿಯೇ ಬಿಟ್ಟು ಕೊಯಮತ್ತೂರಿನತ್ತ ಹಿಮ್ಮೆಟ್ಟಿದರು. ಇಂದು ದಿಂಬಂ ಘಟ್ಟದ 27 ತಿರುವುಗಳಲ್ಲಿ ಲಾರಿಗಳು ಏದುಸಿರು ಬಿಡುವುದನ್ನು ಕಂಡವರಿಗೆ, ಅಂಥ ಇಳಿಜಾರಿನಲ್ಲಿ ತೋಪುಗಳನ್ನು ಇಳಿಸುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಆ ಯುದ್ಧವನ್ನು ನಡೆಸಿದವು ಎತ್ತುಗಳು. ನಾನು ನೋಡಿದ ಯುದ್ಧದ ದೃಶ್ಯಗಳಲ್ಲಿ ಕುದುರೆಗಳು ಬೇಕಾದಷ್ಟಿವೆ. ನೊಗಕ್ಕೆ ಹೆಗಲು ಕೊಟ್ಟ ಎತ್ತುಗಳು, ಅವುಗಳನ್ನು ಹೊಡೆದುಕೊಂಡು ಬಂದ ರೈತಾಪಿ ಜನರು ಕಾಣಿಸುವುದು ಬಹಳ ಅಪರೂಪ.

ಕೋವಿಯ ಚರಿತ್ರೆ ಕಾನೂನಿನ ಚರಿತ್ರೆಯೂ ಹೌದು. 1857ರಲ್ಲಿ ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ಬಂದಾಗ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ನಿಂತರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. 1878ರ ಕಾಯ್ದೆ ಆ ನಿಯಂತ್ರಣವನ್ನು ದೇಶಕ್ಕೆಲ್ಲ ಬಿಗಿಗೊಳಿಸಿತು. ಇಂದು ನಮ್ಮನ್ನು ಆಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಬೆಳೆಗೆ ಹಂದಿ ನುಗ್ಗುವ ಊರಿನಲ್ಲಿ ಹುಟ್ಟಿದವನಿಗೆ ಹಲಗಲಿಯವರ ಸಿಟ್ಟು ಬೇಗನೆ ಅರ್ಥವಾಗುತ್ತದೆ. ಅವರಿಗೆ ಆಯುಧವೆಂದರೆ ಬಂಡಾಯದ ಬಾವುಟವಾಗುವ ಮೊದಲು ಅನ್ನದ ಕಾವಲಾಗಿತ್ತು, ಮನೆತನದ ಮಾನವಾಗಿತ್ತು.

ಕೆಲವು ವರ್ಷಗಳ ಹಿಂದೆ ನಾನು ವಕಾಲತ್ತು ವಹಿಸಿದ್ದ ಒಂದು ಮೊಕದ್ದಮೆಯಲ್ಲಿ ವೃದ್ಧ ರೈತರೊಬ್ಬರ ಅಟ್ಟದ ಮೇಲೆ ಸಿಕ್ಕ ಹಳೆಯ ಕೇಪಿನ ಕೋವಿಯೇ ಮುಖ್ಯ ವಸ್ತುವಾಗಿತ್ತು. ತುಕ್ಕು ಹಿಡಿದು ನಳಿಕೆ ತೂತಾಗಿತ್ತು. ಮರದ ಹಿಡಿಯನ್ನು ಗೆದ್ದಲು ತಿಂದಿತ್ತು. ಹಳೆಯ ಮಾದರಿಯದಾಗಿ, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದಂಥ ಆಯುಧಕ್ಕೆ ಕಾಯ್ದೆ ಅನ್ವಯಿಸುವುದಿಲ್ಲವೆಂದು ಅದರ 45ನೆಯ ಕಲಮು ಹೇಳುತ್ತದೆ. ಆದ್ದರಿಂದ ಇಡೀ ಪ್ರಕರಣ ಒಂದೇ ಪ್ರಶ್ನೆಯ ಮೇಲೆ ನಿಂತಿತು: ಈ ಕೋವಿ ಹಾರುತ್ತದೆಯೇ? ತಜ್ಞರು ಪರೀಕ್ಷಿಸಿದರು, ವರದಿ ಬಂತು, ವಾದ ನಡೆಯಿತು, ಕೊನೆಗೆ ಮುದುಕರು ಬಿಡುಗಡೆಯಾದರು. ಒಬ್ಬ ಬಡ ರೈತನ ವಿಷಯದಲ್ಲಿ ನ್ಯಾಯಾಲಯ ಇಷ್ಟು ತಾಳ್ಮೆಯಿಂದ ಕೇಳಿದ ಪ್ರಶ್ನೆಯನ್ನು ಒಂದು ನಾಡಿನ ಚರಿತ್ರೆಯನ್ನು ಚಿತ್ರಿಸುವವರು ಒಮ್ಮೆಯಾದರೂ ಕೇಳಿಕೊಳ್ಳಬಾರದೇ?

ಚಲನಚಿತ್ರ ಇತಿಹಾಸದ ಪಠ್ಯವಲ್ಲ, ಅದು ರಂಜನೆ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಅದರಲ್ಲಿ ತಥ್ಯವೂ ಇದೆ. ಬಿ. ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ಇಲ್ಲದಿದ್ದರೆ ಗಡಿಯಾಚೆಗಿರುವ ನಮ್ಮಂಥವರ ಮನೆಗಳಿಗೆ ಆ ರಾಣಿಯ ಹೆಸರು ಅಷ್ಟು ಸುಲಭವಾಗಿ ತಲುಪುತ್ತಿರಲಿಲ್ಲ. ತಮಿಳು ಮಾಧ್ಯಮದಲ್ಲಿ ಓದುವ ನಮ್ಮ ಹುಡುಗರಿಗೆ ಕನ್ನಡದ ಇತಿಹಾಸ ದೊರೆಯುವುದು ಬಹುಮಟ್ಟಿಗೆ ಪರದೆಯಿಂದಲೇ. ಶಾಲೆಯ ಪುಸ್ತಕದಲ್ಲಿ ತಿದ್ದಿಕೊಳ್ಳುವ ಅವಕಾಶವಿಲ್ಲದವರಿಗೆ ಪರದೆಯ ಮೇಲಿನದೇ ಕೊನೆಯ ಮಾತಾಗಿಬಿಡುತ್ತದೆ. ಆದಕಾರಣವೇ ಅದರ ಹೊಣೆ ನಮ್ಮ ಪಾಲಿಗೆ ಹೆಚ್ಚಿನದು.

ಇದೇ ಮಾತು ಈಗ ನಮ್ಮ ಕಣ್ಣೆದುರಿನ ಚರಿತ್ರೆಗೂ ಅನ್ವಯಿಸುತ್ತಿದೆ. 2000ದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ನಾನು ಕಾನೂನು ವಿದ್ಯಾರ್ಥಿ. ಅವರ ಬಿಡುಗಡೆಯಾದದ್ದು 108 ದಿನಗಳ ನಂತರ, ನವೆಂಬರ್ 15ರಂದು. ಬಂದವರ ಕೈಯಲ್ಲಿ ಬಂದೂಕುಗಳಿದ್ದವು; ಆದರೆ ಆ ಅಪಹರಣ ನಡೆದದ್ದು ಗುಂಡಿನ ಕಾಳಗದಿಂದಲ್ಲ. ಕೋವಿ ಹಾರದೆಯೇ ಎರಡು ರಾಜ್ಯಗಳು ತತ್ತರಿಸಿದವು. ಈ ಘಟನೆಯನ್ನು ಪ್ರಾಮಾಣಿಕವಾಗಿ ಚಿತ್ರಿಸುವ ನಿರ್ದೇಶಕನು ಬಂದೂಕನ್ನು ತೋರಿಸಬೇಕು, ಸದ್ದನ್ನು ತಡೆಹಿಡಿಯಬೇಕು. ಅದಕ್ಕೆ ಬಹಳ ಸಂಯಮ ಬೇಕು.

ಆ ಕಾಲದ ಕಥೆಯನ್ನು ಆಧರಿಸಿ 2013ರಲ್ಲಿ ‘ಅಟ್ಟಹಾಸ’, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ತೆರೆಕಂಡವು; ಎರಡನೆಯದರಲ್ಲಿ ಪೊಲೀಸ್ ಅಧಿಕಾರಿಯಾಗಿ ನಟಿಸಿದವರು ರಾಜ್‌ಕುಮಾರ್ ಅವರ ಪುತ್ರ ಶಿವರಾಜ್‌ಕುಮಾರ್. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ನಡೆದ ಕೊನೆಯ ಗುಂಡಿನ ದಾಳಿಯ ಬಗ್ಗೆ ವಿಶೇಷ ಕಾರ್ಯಪಡೆ ಒಂದು ವಿವರ ನೀಡಿದರೆ, ಮಾನವ ಹಕ್ಕುಗಳ ಸಂಘಟನೆಗಳು ಅದನ್ನು ಪ್ರಶ್ನಿಸಿದವು. ಕ್ಯಾಮರಾ ಮಾತ್ರ ಯಾವುದಾದರೊಂದನ್ನು ಆರಿಸಿಕೊಂಡು, ಅದನ್ನೇ ಕಂಡಂತೆ ತೋರಿಸಬಲ್ಲದು.

ಇನ್ನು ಪರದೆಗೆ ಬಾರದೆ ಉಳಿದ ಸಂಗತಿಗಳೂ ಇವೆ. ಕಾರ್ಯಾಚರಣೆಯ ಹೆಸರಿನಲ್ಲಿ ಕಾಡಂಚಿನ ಜನರ ಮೇಲೆ ನಡೆದ ದೌರ್ಜನ್ಯಗಳ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಪರಿಹಾರ ನೀಡುವಂತೆ ಹೇಳಿತು. ಆ 89 ಜನರ ಕಥೆಯಲ್ಲಿ ರೋಚಕ ಗುಂಡಿನ ಕಾಳಗವಿಲ್ಲ. ಇರುವುದು ಠಾಣೆ, ಶಿಬಿರ, ಕತ್ತಲೆ ಕೋಣೆ, ವರ್ಷಗಟ್ಟಲೆ ಕಾಯುವಿಕೆ. ಸದ್ದಿಲ್ಲದ ನೋವಿಗೆ ಪರದೆಯಲ್ಲಿ ಸ್ಥಳ ಸಿಗುವುದು ಕಷ್ಟ.

ಹಿಂದಿನ ಯುದ್ಧಗಳಿಗೆ ಈಗ ಸಾಕ್ಷಿಗಳಿಲ್ಲ. ಗುಂಡು, ತೋಪು, ದಾಖಲೆಗಳೇ ಸಾಕ್ಷಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಹಳೆಯ ಬಾವಿಯೊಂದರಿಂದ ಮೈಸೂರು ಸೇನೆಯ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಹೊರಬಂದವು. ಇನ್ನು ಮುಂದೆ ಅವುಗಳ ಆಕಾರವನ್ನು ಯಾರೂ ಊಹೆಯಿಂದ ಕಟ್ಟಬೇಕಾಗಿಲ್ಲ. ಆದರೆ ತಾಳವಾಡಿಯ ಆ ದಶಕಗಳಿಗೆ ಸಾಕ್ಷಿಗಳು ಇನ್ನೂ ಬದುಕಿದ್ದಾರೆ. ಅವರು ಜಗಲಿಯ ಮೇಲೆ ಕುಳಿತು, ಕೇಳಿದವರಿಗೆ ಮಾತ್ರ, ತಗ್ಗಿದ ದನಿಯಲ್ಲಿ ಹೇಳುತ್ತಾರೆ. ನಮ್ಮ ಓದಿದ ಹುಡುಗರು ಕೈಯಲ್ಲಿರುವ ಮೊಬೈಲಿನಲ್ಲಿಯೇ ಆ ಮಾತುಗಳನ್ನು ದಿನಾಂಕ, ಸ್ಥಳ ಸಹಿತ ದಾಖಲಿಸಿಕೊಳ್ಳಲಿ. ನಾಳೆ ಯಾರಾದರೂ ನಮ್ಮ ಬೆಟ್ಟಗಳ ಕಥೆಯನ್ನು ಚಿತ್ರಿಸಲು ಬಂದರೆ, ಅವರ ಮುಂದಿಡಲು ನಮ್ಮ ಬಳಿ ಒಂದು ಹೇಳಿಕೆಯಾದರೂ ಇರಬೇಕು.